ಫ್ಯೂಸ್ ಕೀಳಿಸುವ ಜಲಜಮ್ಮ

ಸಾಗರದ ಪೇಟೆ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಹಾಲಿನ ಸೈಕಲ್ಲು, ಮೊದಲ ಬಸ್ಸಿಗೆ ಓಡುವ ಒಂದಿಬ್ಬರು, ಹೋಟೆಲಿನ ಒಲೆಯ ಹೊಗೆ, ಇಷ್ಟೇ. ರೈತರಿಗೆ ಗೊಬ್ಬರ, ಬೀಜ ಮಾರುವ ಸಹಕಾರ ಸಂಘದ ಹಿಂಬಾಗಿಲು ಮಾತ್ರ ಆಗಲೇ ತೆರೆದಿದೆ. ಚಪ್ಪಲಿ ಹೊರಗೆ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ದೇವರ ಕೋಣೆಗೆ ಕಾಲಿಡುವಷ್ಟೇ ಮಡಿಯಲ್ಲಿ ಟೈಪಿಸ್ಟ್ ಜಲಜಮ್ಮ ಕಂಪ್ಯೂಟರ್ ಕೋಣೆ ಹೊಗುತ್ತಾರೆ. ಭಯಭಕ್ತಿ ಅಲ್ಲಿಗೇ ಮುಗಿಯಿತು. ಕೂತು ಪಟಪಟ ನಾಲ್ಕು ಬಿಲ್ಲು ಹೊಡೆಯುತ್ತಾರೆ. ಐದನೆಯದರ ಅರ್ಧಕ್ಕೆ ಬಂದದ್ದೇ ತಡ, ಬಾಗಿಲ ಕಡೆ ಕತ್ತು ಹೊರಳಿಸಿ ಹೇಳುತ್ತಾರೆ.

"ಜಟ್ಟಪ್ಪಣ್ಣ, ಕೀಳಿ."

ಫ್ಯೂಸ್ ಪೆಟ್ಟಿಗೆಯ ಹತ್ತಿರ ಕಾದು ನಿಂತ ವಾಚ್‌ಮನ್ ಜಟ್ಟಪ್ಪ ಫ್ಯೂಸ್ ಕಿತ್ತೇ ಬಿಡುತ್ತಾರೆ. ಪರದೆ ಕಪ್ಪಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತಾರೆ. ಮೊದಲಿನ ನಾಲ್ಕು ಬಿಲ್ಲು ಹಾಗೇ ಇವೆಯೇ, ಅರ್ಧದ್ದು ಎಲ್ಲಿ ಹೋಯಿತು ಎಂದು ಜಲಜಮ್ಮ ಹುಡುಕುತ್ತಾರೆ.

"ಮೊದಮೊದ್ಲು ನಂಗೆ ಭಯ ಆಗ್ತಿತ್ತು," ಎನ್ನುತ್ತಾರೆ ಜಟ್ಟಪ್ಪ. "ಇಷ್ಟು ದುಬಾರಿ ಮಿಷಿನ್ನು, ಏನಾದ್ರೂ ಆದ್ರೆ ನನ್ನ ತಲೆಗೇ ಕಟ್ತಾರೆ ಅಂತ. ಈಗ ಅವ್ರು ಹೇಳೋದ್ರೊಳಗೆ ಕಿತ್ತಾಗಿರುತ್ತೆ."

ಮಲೆನಾಡಿನಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಪಕ್ಕದಲ್ಲೇ ಅಷ್ಟು ದೊಡ್ಡ ಅಣೆಕಟ್ಟು ಇಟ್ಟುಕೊಂಡು ನಾವು ಸೀಮೆಎಣ್ಣೆ ಬುಡ್ಡಿ ಉಜ್ಜುವುದು ತಪ್ಪಿಲ್ಲ ನೋಡಿ. ಜಲಜಮ್ಮನ ಯಜಮಾನರಿಗೆ ಕಾರ್ಗಲ್ಲಿನಲ್ಲಿ, ವಿದ್ಯುತ್ ಯೋಜನೆಯಲ್ಲೇ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಕರೆಂಟು ಕಳಿಸುವುದು ಯಜಮಾನರು, ಕೀಳಿಸುವುದು ಯಜಮಾನ್ತಿ ಎಂದು ಕಚೇರಿಯವರು ಚುಡಾಯಿಸುತ್ತಾರೆ. ಜಲಜಮ್ಮನೂ ನಗುತ್ತಾರೆ.

ಸಂಘಕ್ಕೆ ಕಂಪ್ಯೂಟರ್ ಬಂದದ್ದು ಎಂಬತ್ತೇಳರ ಆರಂಭದಲ್ಲಿ. ಬಿಲ್ಲು ಹೊಡೆಯುವ, ದಾಸ್ತಾನು ಇಡುವ ಪ್ರೋಗ್ರಾಮನ್ನು ಬರೆದುಕೊಟ್ಟವರು ತೀರ್ಥಹಳ್ಳಿಯ ಗಣಿತದ ಮೇಷ್ಟ್ರು ಗಣೇಶಮೂರ್ತಿ. ಅವರದೊಂದು ವಿಚಿತ್ರ ಹಟ. ಪ್ರೋಗ್ರಾಮಿನ ಅಷ್ಟೂ ಸಾಲುಗಳನ್ನು ಕಾಗದದಲ್ಲಿ ಅಚ್ಚು ಹಾಕಿ ಫ್ಲಾಪಿಯ ಜೊತೆಗೇ ಕೊಡುತ್ತಾರೆ. ಯಾವ ಸಂಘದವರಾದರೂ ಒಯ್ಯಲಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ, ತಿದ್ದಿದ್ದೇನೆಂದು ಉಳಿದವರಿಗೂ ತಿಳಿಸಲಿ, ಇಷ್ಟೇ ಅವರ ಕರಾರು. ಹೊಸನಗರದವರು ಒಯ್ದರು, ತೀರ್ಥಹಳ್ಳಿಯವರು ಒಯ್ದರು. ತಿದ್ದುಪಡಿಗಳೂ ಬರತೊಡಗಿದವು. ಎಲ್ಲವನ್ನೂ ಸೇರಿಸಿ ಹೊಸ ಫ್ಲಾಪಿ ತಯಾರಾದಾಗ, ಅದು ಸಾಗರ ಬಿಟ್ಟು ಹೊರಡುವ ಮುಂಚೆ ಜಲಜಮ್ಮನ ಕೈ ದಾಟಬೇಕು. ಸರಿಯಿದ್ದರೆ ಲೇಬಲ್ಲಿನ ಮೇಲೆ ಅವರ ಕೆಂಪು ಶಾಯಿಯ ಗುರುತು. ಆ ಗುರುತಿಲ್ಲದ ಫ್ಲಾಪಿಯನ್ನು ಯಾರೂ ಮುಟ್ಟುವುದಿಲ್ಲ.

ಇದು ಅವರ ಕೆಲಸವೆಂದು ಯಾವ ಆದೇಶದಲ್ಲೂ ಇಲ್ಲ. ಕೆಳದಿ ಕಡೆಯ ಗೇಣಿದಾರ ಕೆರಿಯಪ್ಪನ ಮಗಳು ಜಲಜಮ್ಮ. ಉಳುವವನೇ ಒಡೆಯ ಕಾನೂನು ಬಂದಾಗ ಡಿಕ್ಲರೇಶನ್ ಅರ್ಜಿ ಹಾಕಿ ಗದ್ದೆ ಅಪ್ಪನ ಹೆಸರಿಗಾದದ್ದನ್ನು ಕಣ್ಣಾರೆ ಕಂಡವರು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಪಾಸು ಮಾಡಿ ಸಂಘಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಕಂಪ್ಯೂಟರ್ ಮುಂದೆ ಕೂತ ಮೊದಲ ದಿನವೇ ಏನೋ ಒತ್ತಿ ಅದು ಗಕ್ಕನೆ ನಿಂತಾಗ, ಮನೆಗೆ ಹೋಗಿ ಅತ್ತಿದ್ದರಂತೆ.

"ಮಾರನೇ ದಿನ ಮೇಷ್ಟ್ರು ಬಂದ್ರು. ಕೆಡಿಸಿದ್ದು ನೀವಲ್ಲ, ಅದು ಮೊದ್ಲೇ ಕೆಟ್ಟಿತ್ತು, ನೀವು ತೋರಿಸಿದ್ರಿ ಅಷ್ಟೆ ಅಂದ್ರು. ಇನ್ನೂ ಎಷ್ಟು ಕೆಡಿಸೋಕಾಗುತ್ತೋ ಕೆಡಿಸಿ ಅಂದ್ರು. ಅವತ್ತಿಂದ ಅದೇ ಕೆಲ್ಸ." ಹೇಗೆ ಕೆಡಿಸುತ್ತೀರಿ ಎಂದರೆ ನಗುತ್ತಾರೆ. "ನಮ್ಮ ಕೌಂಟರಿನೋರ ಹಾಗೆ ಹೊಡೀತೀನಿ. ಒಂದು ಕಣ್ಣು ಬಿಲ್ಲಿನ ಮೇಲೆ, ಇನ್ನೊಂದು ಕಣ್ಣು ಊರಿಗೆ ಹೋಗೋ ಬಸ್ಸಿನ ಮೇಲೆ."

ಹತ್ತು ಗಂಟೆಗೆ ಮಿಷಿನ್ನು ಮಾರಾಟಕ್ಕೆ ಬೇಕು. ಹಾಗಾಗಿ ಕೆಡಿಸುವ ಕೆಲಸವೆಲ್ಲ ಬೆಳಗಿನ ಜಾವವೇ. ಮನೆಯಲ್ಲಿ ಅಕ್ಕಿ ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಎಬ್ಬಿಸಿ ಬರುವುದು. ಹತ್ತರ ನಂತರ ಮಾಮೂಲಿ ಟೈಪಿಂಗು. ಇದಕ್ಕೆಂದು ಒಂದು ಬಿಡಿಗಾಸೂ ಹೆಚ್ಚು ಬಂದಿಲ್ಲ.

ಈ ಮೇ ತಿಂಗಳಲ್ಲಿ ಹೊಸ ಫ್ಲಾಪಿ ಸಿದ್ಧವಾಗಿತ್ತು. ಒಯ್ಯಲು ಹೊಸನಗರ ಸಂಘದ ಗುಮಾಸ್ತ ಉಮಾಮಹೇಶ್ವರ ಬಂದಿದ್ದರು. ಮೇಷ್ಟ್ರೂ ಇದ್ದರು. ಎಲ್ಲ ಪರೀಕ್ಷೆಯೂ ಮುಗಿದು, ಕೆಂಪು ಪೆನ್ನು ಕೈಗೆತ್ತಿಕೊಂಡ ಬೆಳಿಗ್ಗೆ ಜಲಜಮ್ಮನಿಗೆ ತೀರಿಹೋದ ಅಪ್ಪನ ನೆನಪಾಯಿತು.

"ಅಪ್ಪ ಕೈಯಾಗೆ ದುಡ್ಡಿದ್ದಾಗ್ಲೇ ಗೊಬ್ಬರದ ಬಿಲ್ ಮಾಡಿಸ್ತಿದ್ದ. ಮೂಟೆ ಮಾತ್ರ ಸಂಘದ ಗೋಡೌನಿನಾಗೇ. ಮನೇಲಿಟ್ರೆ ತಂಡಿಗೆ ಕಲ್ಲಾಗುತ್ತೆ, ಮಳೆ ಹಿಡಿದ ಮೇಲೆ ಗಾಡಿ ತರ್ತೀನಿ ಅಂತಿದ್ದ. ನಮ್ಮ ಕಡೆ ಸುಮಾರು ಜನ ಹಂಗೇ ಮಾಡೋದು."

ಪರೀಕ್ಷೆಗೆಂದೇ ಅಪ್ಪನ ಹೆಸರಲ್ಲಿ ಹಿಂದಿನ ತಾರೀಖಿಗೆ ಮೂರು ಮೂಟೆ ಬಿಲ್ಲು ಮಾಡಿದರು. ಮೂಟೆ ಒಯ್ದಿಲ್ಲವೆಂದು ತೋರಿಸಿದರು. ಆಮೇಲೆ ಸಂಘದ ವರ್ಷದ ಲೆಕ್ಕ ಮುಗಿಸಿ ಹೊಸ ವರ್ಷ ತೆರೆದರು. ಅಪ್ಪನ ಮೂರು ಮೂಟೆ ಸಂಘದ ಸ್ವಂತ ದಾಸ್ತಾನಾಗಿ ಕೂತಿತ್ತು. ಯಾರಿಗೆ ಬೇಕಾದರೂ ಮಾರಬಹುದು. ಕಳೆದ ವರ್ಷದ ಫ್ಲಾಪಿ ಹುಡುಕಿ ತೆಗೆದರು, ತಾವೇ ಕೆಂಪು ಗುರುತು ಹಾಕಿ ಕಳಿಸಿದ್ದು. ಅದರಲ್ಲೂ ಅದೇ ತಪ್ಪು.

ಮೂರೂ ಊರಿನಲ್ಲಿ ಓಡುತ್ತಿದ್ದುದು ಆ ಹಳೆಯ ಫ್ಲಾಪಿಯೇ. ಸಂಘಗಳ ನಿಜವಾದ ವರ್ಷದ ಲೆಕ್ಕವೂ ಆಗಷ್ಟೇ ಮುಗಿದಿತ್ತು. ಮಳೆ ಬಿದ್ದು ಗೊಬ್ಬರಕ್ಕೆ ನೂಕುನುಗ್ಗಲಾದ ದಿನ, ಸಂಘವನ್ನು ನಂಬಿ ಮೂಟೆ ಬಿಟ್ಟು ಹೋದವರ ಪಾಲು ಬೇರೆಯವರ ಗಾಡಿ ಹತ್ತುವುದು ಖಂಡಿತ.

ಕಾರ್ಯದರ್ಶಿ ಸುಬ್ಬರಾಯರು ಒಳ್ಳೆಯವರೇ. ಜಲಜಮ್ಮನ ಹೆಸರನ್ನು ಹೆಡ್ ಕ್ಲರ್ಕ್ ಹುದ್ದೆಗೆ ತಾವೇ ಸೂಚಿಸಿದ್ದರು. "ಹೊಸದ್ರಲ್ಲಿ ಸರಿ ಮಾಡಿ ಕಳಿಸಿ, ಮುಗೀತು. ಹಳೇದನ್ನ ಯಾಕೆ ಕೆದಕ್ತೀರಿ? ನೀವೇ ಪಾಸು ಮಾಡಿದ್ದಲ್ವ? ಕಮಿಟಿಯವರಿಗೆ ನಾನೇನು ಹೇಳ್ಲಿ?" ಎಂದರು.

"ಪಾಸು ಮಾಡಿದ್ದು ನಾನೇ ಸಾರ್. ಹಂಗೇ ಹೇಳಿ," ಎಂದರು ಜಲಜಮ್ಮ.

ಉಮಾಮಹೇಶ್ವರರಿಗೆ ರೇಗಿತು. "ಅಲ್ಲ ಜಲಜಮ್ಮಾರೆ, ಪುಕ್ಕಟೆ ಕೊಡೋ ಪ್ರೋಗ್ರಾಮಿಗೆ ಇಷ್ಟು ಸತಾಯಿಸ್ತೀರಲ್ಲ."

"ಪುಕ್ಕಟೆ ಅಂತ ಹಳಸಿದ್ದು ಬಡಿಸ್ಲಾ?"

ಮೇಷ್ಟ್ರು ಅಚ್ಚಾದ ಹಾಳೆಗಳನ್ನು ತಿರುವಿ ಹಾಕಿ, "ಇದು ನಾನೇ ಬರೆದ ಸಾಲು. ಒಂದು ದಿನ ಕೊಡಿ, ತಿದ್ತೀನಿ," ಎಂದರು.

"ನೀವು ತಿದ್ದಿ ಸಾರ್. ಮಳೆ ನಿಮ್ಗೆ ಕಾಯಲ್ಲ. ನಾನು ಗೋಡೌನಿಗೆ ಹೋಗ್ತೀನಿ," ಎಂದು ಜಲಜಮ್ಮ ರಜಾ ಅರ್ಜಿ ಬರೆದಿಟ್ಟು ಎದ್ದರು.

ಸಾಗರದ ಗೋಡೌನನ್ನು ಜಟ್ಟಪ್ಪನಿಗೆ ಒಪ್ಪಿಸಿ, ಅಂದೇ ಉಮಾಮಹೇಶ್ವರರ ಜೊತೆ ಹೊಸನಗರದ ಬಸ್ಸು ಹತ್ತಿದರು. ಬಸ್ಸಿನಲ್ಲೂ ಉಮಾಮಹೇಶ್ವರರ ಸಿಟ್ಟು ಇಳಿದಿರಲಿಲ್ಲವಂತೆ. ಗೋಡೌನಿಗೆ ಹೋಗಿ ಹಳೆಯ ಬಿಲ್ಲುಗಳ ಕಟ್ಟು ಬಿಚ್ಚಿದಾಗ ಮಾತ್ರ, ಒಯ್ಯದೇ ಉಳಿದ ಮೂಟೆಗಳ ಹೆಸರುಗಳನ್ನು ತಾವೇ ಓದಿ ಹೇಳಿದರು. ಜಲಜಮ್ಮ ಇದ್ದಿಲಿನಿಂದ ಒಂದೊಂದೇ ಮೂಟೆಯ ಮೇಲೆ ಹೆಸರು ಬರೆದು ಬೇರೆ ಸಾಲಿನಲ್ಲಿ ಇಡಿಸಿದರು. ಗೊಬ್ಬರದ ಘಾಟಿಗೆ ಕಣ್ಣು ಕೆಂಪಾಗಿ, ಎರಡು ದಿನ ಉರಿಯುತ್ತಿತ್ತಂತೆ.

ತೀರ್ಥಹಳ್ಳಿಗೆ ಹೋಗುವಾಗ ತಡವಾಗಿತ್ತು. ಪುಟ್ಟಪ್ಪ ಎಂಬ ರೈತರ ಮೂಟೆಗಳು ಅದಾಗಲೇ ಮಾರಿಹೋಗಿದ್ದವು. "ಅವ್ರ ಮನೆಗೇ ಹೋಗಿ ಹೇಳ್ದೆ. ಬೈದ್ರು. ಬೈಲೇಬೇಕಿತ್ತು," ಎಂದು ಹೇಳುವಾಗ ಅವರ ದನಿ ಇಳಿಯುತ್ತದೆ. ಮುಂದಿನ ಲಾರಿ ಬಂದಾಗ ಪುಟ್ಟಪ್ಪನವರಿಗೇ ಮೊದಲು ಕೊಡಿಸಿದ್ದಾರೆ. ಆದರೂ ಸಮಾಧಾನವಿಲ್ಲ. ಹೆಡ್ ಕ್ಲರ್ಕ್ ವಿಷಯವನ್ನು ಕಮಿಟಿ ಮುಂದಕ್ಕೆ ಹಾಕಿದೆ. ಬೇಜಾರಾಯಿತೇ ಎಂದರೆ, "ಆಗ್ದೇ ಇರುತ್ತಾ? ಆಯ್ತು," ಎಂದು ನೇರವಾಗಿ ಹೇಳುತ್ತಾರೆ.

ತಿದ್ದಿದ ಫ್ಲಾಪಿಯನ್ನು ಹೊಸನಗರಕ್ಕೆ ಅವರೇ ಒಯ್ದು ಕೊಟ್ಟದ್ದು ಕಳೆದ ವಾರ. ಮಳೆ ಹಿಡಿದಿತ್ತು. ಗೊಬ್ಬರಕ್ಕೆಂದು ಬಂದ ಜನ ಖಾಲಿ ಎಂದು ಕೇಳಿ ಗೊಣಗುತ್ತ ಹಿಂದಿರುಗುತ್ತಿದ್ದರು. ಆಗ ನಗರ ಎಂಬ ಊರಿನ ಕಡೆಯಿಂದ ಶೇಷಮ್ಮ ಎಂಬ ಮುದುಕಿ ಗಾಡಿ ಕಟ್ಟಿಸಿಕೊಂಡು ಬಂದರು. ಬೇಸಿಗೆಯಲ್ಲಿ ಬಿಟ್ಟು ಹೋಗಿದ್ದ ಅವರ ಮೂಟೆಗಳು ಗೋಡೆಯ ಪಕ್ಕದ ಸಾಲಿನಲ್ಲಿದ್ದವು. ಎತ್ತಿಸಲು ಹೋಗಿ ಸೀರೆಗೆಲ್ಲ ಮಸಿಯಾಯಿತು.

"ಯಾರೇ ಅದು ನನ್ನ ಮೂಟೆ ಮೇಲೆ ಗೀಚಿದ್ದು? ಕೈ ಸುಮ್ನಿರಲ್ವ ನಿಮ್ಗೆ?" ಎಂದು ಗದರಿದರು.

"ನಾನೇ ಅಜ್ಜಿ. ತಪ್ಪಾಯ್ತು," ಎಂದ ಜಲಜಮ್ಮ ಮೂಟೆಯ ಇನ್ನೊಂದು ತುದಿಗೆ ಕೈ ಕೊಟ್ಟರು. ಗಾಡಿ ಹೊರಟಿತು. ಮುದುಕಿ ಸೀರೆ ಉಜ್ಜಿಕೊಳ್ಳುತ್ತ, ಬೈಯುತ್ತಲೇ ಹೋದರು.

ನಡೆದದ್ದೇನೆಂದು ಅವರಿಗೆ ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರೆ ಜಲಜಮ್ಮ ತಿರುಗಿ ಕೇಳುತ್ತಾರೆ.

"ಏನಂತ ಹೇಳೋದು? ಮೂಟೆ ಇಟ್ಟು ಹೋಗಿದ್ರು, ಬಂದ್ರು, ಮೂಟೆ ಇತ್ತು."