ಕಾಯಬೇಡಿ ಎಂದವನು ನಾನು

ಗಿರೀಶ, ನಿನ್ನ ಅಪ್ಪ ತೀರಿಕೊಂಡ ಸುದ್ದಿ ನಿನಗೆ ಹೇಳುವ ಆರು ದಿನ ಮೊದಲೇ ನನಗೆ ಗೊತ್ತಿತ್ತು. ಈಗಷ್ಟೇ ಮೆಸೇಜ್ ಬಂತು ಎಂದು ಹಡಗಿನ ಊಟದ ಕೋಣೆಯಲ್ಲಿ ನಿನ್ನ ಭುಜ ಹಿಡಿದು ಹೇಳಿದೆನಲ್ಲ — ಅದು ಸುಳ್ಳು. ಅದಕ್ಕಿಂತ ದೊಡ್ಡ ಸುಳ್ಳನ್ನು ನಿನ್ನ ಅಮ್ಮನಿಗೆ ಹೇಳಿದ್ದೆ. ನಿನಗೆ ವಿಷಯ ತಿಳಿಸಿದ್ದೇನೆ, ನೀನೇ ಬರುವುದಿಲ್ಲ ಎನ್ನುತ್ತಿದ್ದೀ ಎಂದು. ಎಂಟು ವರ್ಷಗಳಿಂದ ನಿನ್ನ ಮನೆಯಲ್ಲಿ ನಿನ್ನನ್ನು ಸುಳ್ಳುಗಾರ ಎನ್ನುತ್ತಾರೆ. ಸುಳ್ಳುಗಾರ ನಾನು.

ಮೊದಲಿಂದ ಹೇಳುತ್ತೇನೆ. ಹೇಳದಿದ್ದರೆ ಮತ್ತೆ ಎಲ್ಲಾದರೂ ಜಾರಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಪ್ರವಾಸಿ ಹಡಗಿನ ಬ್ಯಾಂಡಿನ ಕೆಲಸಕ್ಕೆ ನಮ್ಮನ್ನು ತಯಾರು ಮಾಡಿದವರೇ ನಿನ್ನ ಅಪ್ಪ. ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಇಡೀ ದಿನ ಗಿರಾಕಿಗಳ ಜೊತೆ ಹೆಣಗಿ, ಸಂಜೆ ಠಾಕುರ್ಲಿಯ ಭಜನಾ ಮಂಡಳಿಯಲ್ಲಿ ನಮ್ಮಿಬ್ಬರನ್ನು ಮುಂದೆ ಕೂರಿಸುತ್ತಿದ್ದರು — ನೀನು ಹಾಡಲು, ನಾನು ಹಾರ್ಮೋನಿಯಂ ಒತ್ತಲು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟ ನನ್ನ ಅಪ್ಪನಿಗೆ ನನ್ನ ಬಾಜಾ ಎಂದರೆ ತಲೆನೋವು. ನಿನ್ನ ಅಪ್ಪನಿಗೆ ಹೆಮ್ಮೆ. ಐರೋಲಿಯಲ್ಲಿ ಆಡಿಷನ್ ಇದ್ದ ದಿನ ಅವರು ರಜೆ ಹಾಕಿ ನಮ್ಮ ಜೊತೆ ಬಂದರು. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ನನ್ನ ಕೀಬೋರ್ಡನ್ನು ಅವರೇ ಹೆಗಲಿಗೆ ಹಾಕಿಕೊಂಡಿದ್ದರು. ಕೆಲಸ ಆಯಿತು ಎಂದು ಗೊತ್ತಾದಾಗ ನಿನ್ನನ್ನು ಬಿಟ್ಟು ಮೊದಲು ನನ್ನನ್ನು ಅಪ್ಪಿಕೊಂಡರು.

ನಮ್ಮನ್ನು ತೆಗೆದುಕೊಂಡದ್ದು ಜೋಡಿಯಾಗಿ. ಒಬ್ಬ ನಡುವೆ ಇಳಿದರೆ ಇನ್ನೊಬ್ಬನೂ ಇಳಿಯಬೇಕು, ಹೊಸ ಜೋಡಿ ಹತ್ತುತ್ತದೆ. ಸಹಿ ಹಾಕುವಾಗ ನಾವು ನಕ್ಕಿದ್ದೆವು, ಮದುವೆ ಪತ್ರಕ್ಕಿಂತ ಗಟ್ಟಿ ಎಂದು.

ಮೊದಲ ಎರಡು ವಾರ ನಾನು ಸತ್ತು ಬದುಕಿದೆ. ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆ, ಮೇಲೊಂದು ಕೆಳಗೊಂದು ಮಂಚ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನೀನು ಅಡುಗೆಮನೆಯಿಂದ ಹಸಿರು ಸೇಬು, ಒಣ ಬಿಸ್ಕತ್ತು ತಂದು ಕೊಡುತ್ತಿದ್ದೆ. ಬೆಳಿಗ್ಗೆ ಕೈಗೆ ಕೊಟ್ಟ ನೊಟೇಶನ್ನನ್ನು ಸಂಜೆ ನುಡಿಸಬೇಕು. ನೀನು ನೋಡಿದ ಕೂಡಲೇ ಓದುತ್ತಿದ್ದೆ, ನಾನು ಒಂದೊಂದು ಸ್ವರಕ್ಕೂ ತಡವರಿಸುತ್ತಿದ್ದೆ. ಬ್ಯಾಂಡಿನ ಮುಖ್ಯಸ್ಥ ನನ್ನನ್ನು ಮನೆಗೆ ಕಳಿಸುವ ಮಾತಾಡಿದಾಗ ಒಂದು ತಿಂಗಳು ಟೈಮ್ ಕೊಡಿ ಎಂದು ಬೇಡಿಕೊಂಡವನೂ ನೀನೇ. ಅದೇ ದಿನಗಳಲ್ಲಿ ಡೆಕ್ಕಿನ ಕಟಾಂಜನಕ್ಕೆ ಒರಗಿ ಮಾತಾಡುವಾಗ ನಿನ್ನ ಫೋನು ಕೈಜಾರಿ ಸಮುದ್ರಕ್ಕೆ ಬಿತ್ತು. ಊರಿಗೆ ಹೋದ ಮೇಲೆ ಹೊಸದು ಕೊಂಡರಾಯಿತು, ಸಂಗು, ನಿನ್ನ ಫೋನು ಇದೆಯಲ್ಲ ಎಂದು ನೀನು ನನಗೆ ಹೇಳಿದೆ. ನಿನ್ನ ಮನೆಯವರಿಗೆ ನನ್ನ ನಂಬರೇ ನಿನ್ನ ನಂಬರಾಯಿತು.

ನಾಲ್ಕನೇ ತಿಂಗಳಿಗೆ ನಾನು ಹಡಗಿಗೆ ಹೊಂದಿಕೊಂಡಿದ್ದೆ. ಕಾಲು ಅಲುಗಾಡುತ್ತಿರಲಿಲ್ಲ, ನೊಟೇಶನ್ ಓದಲು ತಡವರಿಸುತ್ತಿರಲಿಲ್ಲ. ಪಿಯಾನೋ ಬಾರಿನಲ್ಲಿ ಒಬ್ಬನೇ ಕೂತು ನುಡಿಸುವ ಮುದುಕ ಆ ಟ್ರಿಪ್ಪಿನ ಕೊನೆಗೆ ಇಳಿಯುವವನಿದ್ದ. ಆ ಜಾಗಕ್ಕೆ ನನ್ನನ್ನು ಪರೀಕ್ಷಿಸುವುದಾಗಿಯೂ ಒಂದು ವಾರ ಬಿಟ್ಟು ನುಡಿಸಿ ತೋರಿಸಬೇಕೆಂದೂ ಮುಖ್ಯಸ್ಥ ನನಗೆ ಹೇಳಿದ್ದ. ಇದನ್ನು ನಾನು ನಿನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ — ನೀನು ಖುಷಿಪಡುತ್ತಿದ್ದೆ, ಅದು ನನಗೆ ಗೊತ್ತಿತ್ತು, ಆದರೂ...

ಮರುದಿನವೇ ಬೆಳಿಗ್ಗೆ ನಿನ್ನ ಅಮ್ಮನ ಫೋನು. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ಗಿರಿಯ ದನಿ ಒಮ್ಮೆ ಕೇಳಬೇಕು ಎನ್ನುತ್ತಿದ್ದಾರೆ. ನೀನು ಆಗ ಪೂಲಿನ ಹತ್ತಿರ ಮೈಕು ಜೋಡಿಸುತ್ತಿದ್ದೆ. ನೂರು ಹೆಜ್ಜೆ ಇರಲಿಲ್ಲ. ಹೇಳುತ್ತೇನೆ ಎಂದು ಫೋನು ಇಟ್ಟವನು ನಿನ್ನ ಹತ್ತಿರ ಬರಲಿಲ್ಲ. ವಿಷಯ ತಿಳಿದರೆ ನೀನು ಮರುದಿನದ ಬಂದರಿನಲ್ಲೇ ಇಳಿಯುತ್ತೀ, ನಿನ್ನ ಹಿಂದೆ ನನ್ನನ್ನೂ ಇಳಿಸುತ್ತಾರೆ — ಇದಷ್ಟೇ ತಲೆಯಲ್ಲಿ ಓಡಿದ್ದು. ಎದೆನೋವು ತಾನೇ, ಗುಣವಾದೀತು ಎಂದೂ ಅಂದುಕೊಂಡೆ. ಅಂದುಕೊಂಡೆನೋ, ಆಮೇಲೆ ಕಟ್ಟಿಕೊಂಡ ಮಾತೋ, ಈಗ ನನಗೇ ತಿಳಿಯುವುದಿಲ್ಲ.

ಮಧ್ಯಾಹ್ನ ಮತ್ತೆ ಫೋನು ಬಂತು. ನಿನ್ನ ಅಮ್ಮ ಅಳುತ್ತಿರಲಿಲ್ಲ.

"ಸಂಗು, ಅವರು ಹೋದ್ರು. ಗಿರಿಗೆ ಹೇಳಿದ್ದಿಯಾ? ಅವ ಬರ್ತಾನಂತಾ? ಕಾಯುವುದಾ ಬೇಡ್ವಾ, ನೀನು ಅಷ್ಟು ಹೇಳು ಮಗಾ."

ಹೆಣವನ್ನು ಆಸ್ಪತ್ರೆಯಲ್ಲೇ ಇಟ್ಟು ಮಗನಿಗಾಗಿ ಕಾಯುವುದೋ, ಅಂದೇ ಸುಡುವುದೋ — ಅವರು ಕೇಳಿದ್ದು ಇದನ್ನು. ನಿನಗೆ ಫೋನು ಕೊಡು ಎಂದರು. ಸ್ಟೇಜಿನ ಮೇಲಿದ್ದಾನೆ ಎಂದೆ. ಆಮೇಲೆ ಹೇಳಿದೆ:

"ಹೇಳೀನ್ರಿ ಅಮ್ಮಾ. ಅವಗ ಬರಾಕ ಆಗೂದಿಲ್ಲಂತ. ಕಾಯಬ್ಯಾಡ್ರಿ."

ಅವರು ಆಯ್ತು ಎಂದು ಫೋನು ಇಟ್ಟರು.

ಆ ಸಂಜೆ ಡೊಂಬಿವಲಿಯಲ್ಲಿ ನಿನ್ನ ಚಿಕ್ಕಪ್ಪ ಬೆಂಕಿ ಇಟ್ಟರು. ಅದೇ ಹೊತ್ತಿಗೆ ಪೂಲಿನ ಪಕ್ಕದಲ್ಲಿ ಯಾರದೋ ಮದುವೆಯ ಐವತ್ತನೇ ವರ್ಷ. ನೀನು ಹೂವಿನ ಅಂಗಿ ತೊಟ್ಟು, ಆ ಮುದುಕಿಯ ಕೈ ಹಿಡಿದು ಕುಣಿದು ಹಾಡಿದೆ. ಜನ ಸೀಟಿ ಹೊಡೆದರು. ನಾನು ನುಡಿಸುತ್ತಿದ್ದೆ, ಗಿರೀಶ. ಒಂದು ಸ್ವರವೂ ತಪ್ಪಲಿಲ್ಲ. ಸೂತಕದಲ್ಲಿ ನಿನ್ನನ್ನು ಆರು ದಿನ ಕುಣಿಸಿದೆ. ಮೂರನೇ ದಿನ ಬಂದರಿನಲ್ಲಿ, ಮನೆಗೆ ಒಮ್ಮೆ ಮಾತಾಡಬೇಕು, ಫೋನು ಕೊಡೋ ಎಂದು ನೀನು ಕೇಳಿದೆ. ನೆಟ್ ಸಿಗುತ್ತಿಲ್ಲ ಎಂದೆ. ಇವತ್ತು ಅಪ್ಪನ ವಾರದ ರಜೆ, ಮನೆಯಲ್ಲೇ ಇರುತ್ತಾರೆ ಎಂದು ನೀನು ಹೇಳಿಕೊಂಡೆ. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಎಂಥ ಜನ್ಮ ನನ್ನದು, ಥೂ.

ಆರನೇ ದಿನ ಪಿಯಾನೋ ಬಾರು ನನಗೆ ಸಿಕ್ಕಿತು, ಇನ್ನು ನೀನು ಇಳಿದರೂ ನಾನು ಇಳಿಯಬೇಕಿರಲಿಲ್ಲ. ಒಂದು ಗಂಟೆ ಬಿಟ್ಟು ನಿನಗೆ ಸುದ್ದಿ ಹೇಳಿದೆ.

ನೀನು ಠಾಕುರ್ಲಿಯ ಮನೆಗೆ ತಲುಪಿದಾಗ ಎಂಟನೇ ದಿನ. ಬೆಂಕಿ ಇಟ್ಟವರೇ ಕೊನೆಯ ದಿನದ ಬೊಜ್ಜದ ತನಕ ಎಲ್ಲ ಕ್ರಿಯೆಯನ್ನೂ ಮುಗಿಸಬೇಕು, ನಡುವೆ ಕೈ ಬದಲಿಸುವಂತಿಲ್ಲ ಎಂದು ಹಿರಿಯರು ಹೇಳಿದರಂತೆ. ತಲೆ ಬೋಳಿಸಿಕೊಂಡು ಚಿಕ್ಕಪ್ಪ ಮುಂದೆ ಕೂತಿದ್ದರೆ, ಹೆತ್ತ ಮಗ ನೀನು ನೆಂಟರ ಸಾಲಿನಲ್ಲಿ ನಿಂತಿದ್ದೆ. ನನಗೆ ಗೊತ್ತೇ ಇರಲಿಲ್ಲ ಎಂದು ನೀನು ಹೇಳಿದಾಗ ನಿನ್ನ ತಂಗಿ ಶ್ವೇತಾ, ಅಪ್ಪನ ಮುದ್ದಿನ ಮಗಳು, ಎಲ್ಲರೆದುರು, "ಝೂಟ್ ಮತ್ ಬೋಲ್ ದಾದಾ" ಎಂದಳಂತೆ, ಸುಳ್ಳು ಹೇಳಬೇಡ ಅಣ್ಣ ಎಂದು. ನೀನು ನನಗೆ ಫೋನು ಮಾಡಿದೆ. ಅಮ್ಮ ಹೀಗೆ ಹೇಳುತ್ತಿದ್ದಾರಲ್ಲ, ಏನಿದು ಎಂದು ಕೇಳಿದೆ. ದುಃಖದಲ್ಲಿ ಅವರಿಗೆ ಗೊಂದಲ ಆಗಿರಬೇಕು, ಬಿಡು ಎಂದೆ. ನೀನು ನನ್ನನ್ನು ನಂಬಿದೆ. ಹೆತ್ತ ತಾಯಿಯ ಮಾತಿಗಿಂತ ನನ್ನ ಮಾತನ್ನು ನಂಬಿದೆ.

ಆಮೇಲಿನದು ನಿನಗೇ ಗೊತ್ತು. ನೀನು ಮತ್ತೆ ಹಡಗು ಹತ್ತಲಿಲ್ಲ, ಹಾಡಲೂ ಇಲ್ಲ. ಐರೋಲಿಯ ಕಚೇರಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದೀ. ಅಮ್ಮ, ತಂಗಿ ಟಿಟ್ವಾಳಾಕ್ಕೆ ಮನೆ ಬದಲಿಸಿದ್ದನ್ನು ನಿನಗೆ ಬೇರೆಯವರು ಹೇಳಬೇಕಾಯಿತು. ಶ್ವೇತಾಳ ಮದುವೆಗೆ ನನ್ನನ್ನು ಕರೆದರು, ನಿನ್ನನ್ನು ಕರೆಯಲಿಲ್ಲ. ರಜೆಗೆ ಬಂದಿದ್ದ ನಾನು ಹೋದೆ. ಕೀಬೋರ್ಡ್ ನುಡಿಸಿದೆ. ಊಟ ಮಾಡಿದೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ; ನಾನು ಎರಡು ಬಗೆದ ಮನೆಯಲ್ಲೇ ಕೂತು ಮತ್ತೆ ಉಂಡೆ.

ಎಂಟು ವರ್ಷ ಹಡಗಿನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಹೋದ ತಿಂಗಳು ಕಲ್ಯಾಣ ಸ್ಟೇಷನ್ನಿನಲ್ಲಿ ನಿನ್ನ ಅಮ್ಮ ಸಿಕ್ಕರು. ಸೊರಗಿದ್ದಾರೆ. ನನ್ನ ಕೈ ಹಿಡಿದು, ಅವತ್ತು ನೀನೊಬ್ಬನಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಇಲ್ಲದಿದ್ದರೆ ಬಾರದವನಿಗಾಗಿ ಸುಮ್ಮನೆ ಕಾಯುತ್ತಿದ್ದೆವು ಎಂದರು. ನನಗೆ ದೇವರು ಒಳ್ಳೆಯದು ಮಾಡಲಿ ಎಂದರು. ನನ್ನ ಗಾಡಿ ಬಂತು, ಹೋಯಿತು, ನಾನು ಹತ್ತಲಿಲ್ಲ.

ಮೊನ್ನೆ ಭಾನುವಾರ ಟಿಟ್ವಾಳಾಕ್ಕೆ ಹೋಗಿ ಎಲ್ಲ ಹೇಳಿದೆ. ಶ್ವೇತಾ ಬಂದಿದ್ದಳು. ಬಾಯಿಗೆ ಕೈ ಇಟ್ಟುಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ನಿನ್ನ ಅಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದೇ ಪ್ರಶ್ನೆ ಕೇಳಿದರು, ಹಡಗು ಮರುದಿನವೇ ದಡಕ್ಕೆ ಬರುವುದಿತ್ತಾ ಎಂದು. ಹೂಂ ಎಂದೆ.

"ಎರಡು ದಿನ ಕಾಯ್ತಿದ್ದೆವು ನಾವು. ಅಷ್ಟೇ ಅಲ್ವಾ," ಎಂದರು. ಆಮೇಲೆ, "ಅವ ನಿಜ ಹೇಳ್ತಾ ಇದ್ದ. ನಾನೇ ಬಾಗಿಲು ಹಾಕಿದ್ದು."

ನಿನಗೆ ಫೋನು ಮಾಡಿ ಕೊಡುತ್ತೇನೆ ಎಂದೆ. ಬೇಡ, ಯಾವ ಮುಖದಲ್ಲಿ ಮಾತಾಡಲಿ ಎಂದರು. ಗಿರೀಶ, ಇದನ್ನು ನೀನು ತಿಳಿಯಬೇಕು: ಅವರು ಸುಮ್ಮನಿರುವುದು ಈಗ ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಆ ನಾಚಿಕೆಯೂ ಅವರದಲ್ಲ, ನನ್ನದು.

ನಾನು ಹೊರಡುವಾಗ ಅವರು ಕೊನೆಯ ಮಾತು ಹೇಳಿದರು. ನನ್ನೊಬ್ಬಳಿಗೆ ಹೇಳಿದರೆ ಸಾಲದು, ಮುಂದಿನ ತಿಂಗಳು ಗಿರಿಯ ಅಪ್ಪನ ತಿಥಿಗೆ ಚಿಕ್ಕಪ್ಪ, ನೆಂಟರು ಎಲ್ಲ ಬರುತ್ತಾರೆ, ಗಿರಿಯನ್ನು ಯಾರೆದುರು ಸುಳ್ಳುಗಾರ ಮಾಡಿದೆವೋ ಅವರೆದುರೇ ಹೇಳು. ಎಡೆ ಇಡುವುದಾದರೆ ಈ ಸಲ ಅವನೇ ಇಡಬೇಕು ಎಂದರು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನಿಂದ ಕಿತ್ತುಕೊಂಡ ಹಾಗೆ. ಆ ದಿನ ನಾನು ಟಿಟ್ವಾಳಾಕ್ಕೆ ಹೋಗುತ್ತೇನೆ. ಒಳಗೆ ಕೂರುವುದಿಲ್ಲ, ಒಂದು ಲೋಟ ನೀರೂ ಮುಟ್ಟುವುದಿಲ್ಲ. ಹೊಸ್ತಿಲ ಹೊರಗೆ ನಿಂತು, ನಿನ್ನ ಚಿಕ್ಕಪ್ಪನ ಹೆಸರು ಹಿಡಿದು ಕರೆದು, ಕಾಯಬೇಡಿ ಎಂದವನು ನಾನು, ಗಿರೀಶನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳುತ್ತೇನೆ. ನೀನು ಬಂದರೆ ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ. ಬಾರದಿದ್ದರೂ ಹೇಳುತ್ತೇನೆ.