ಡಾಕ್ಟರ್ ಅಂಕಲ್ ಹೇಳಿಕೊಟ್ಟ ರಷ್ಯಾ

ನಿನ್ನೆ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್ ನೆನಪಾದರು. ಮೈಸೂರಿನವರು, ರಷ್ಯಾದಲ್ಲಿ ವೈದ್ಯಕೀಯ ಓದಿದವರು. ಅಲ್ಲಿ ಹತ್ತಿಸಿಕೊಂಡ ರುಚಿ, ಆ ಸೊಪ್ಪನ್ನು ಉಪ್ಪಿಟ್ಟಿಗೂ ಹಾಕುತ್ತಿದ್ದರು, ಆಲೂಗಡ್ಡೆಗೂ ಹಾಕುತ್ತಿದ್ದರು, ಬಿಟ್ಟರೆ ಕಾಫಿಗೂ ಹಾಕುತ್ತಿದ್ದರೇನೋ…

ಆಗ ನಾನು ನಲವತ್ತು ದಾಟಿದ ಮೇಲೆ ಹಟ ಹಿಡಿದು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೇರಿದ್ದೆ. ರಷ್ಯಾದ ವಿದೇಶಾಂಗ ನೀತಿಯ ಮೇಲೆ ಬರೆದ ಪ್ರಬಂಧ ಫೇಲಾಯಿತು. ಇನ್ನೊಂದೇ ಅವಕಾಶ, ಅದೂ ಹೋದರೆ ಕೋರ್ಸೇ ಬಿಡಬೇಕು. ಅಳುಮೋರೆ ಹಾಕಿಕೊಂಡು ಅಂಕಲ್ ಮನೆಗೆ ಹೋದೆ.

ಅವರು ಕನ್ನಡಕ ಏರಿಸಿ ಓದಿದರು. “ಎಲ್ಲಾ ಕಡೆ ‘ರಷ್ಯಾಗೆ ಸಿಟ್ಟು ಬಂತು, ರಷ್ಯಾ ಹೆದರಿತು’ ಅಂತ ಬರ್ದಿದ್ದೀಯಲ್ಲಮ್ಮ, ರಷ್ಯಾ ಏನು ನಿನ್ನ ನಾದಿನೀನಾ? ಒಳಗೆ ಯಾರ್ಯಾರಿದ್ದಾರೆ ನೋಡು. ಹೋದ ವರ್ಷದ ನಮ್ಮ ಪಿಕ್ನಿಕ್ ನೆನಪಿದ್ಯಾ?”

ನೆನಪಿಲ್ಲದೆ ಏನು! ನಮ್ಮ ಕನ್ನಡ ಕುಟುಂಬಗಳ ಗುಂಪಿಗೆ ಆರು ವರ್ಷದಿಂದ ಅವರೇ ಅಧ್ಯಕ್ಷರು. ಆ ಪಿಕ್ನಿಕ್‌ನಲ್ಲೇ ಹೊಸ ಅಧ್ಯಕ್ಷರ ಚುನಾವಣೆ; ಸಾಕು, ಇಳಿಯಿರಿ ಎಂಬ ಗುಸುಗುಸು ಜೋರಾಗಿತ್ತು. ಅಷ್ಟರಲ್ಲಿ ಅವರು, ಪಾರ್ಕಿನಲ್ಲಿ ನಾವು ಬಾರ್ಬಿ, ಅಂದರೆ ಬಾರ್ಬೆಕ್ಯೂ, ಮಾಡುವ ಜಾಗವನ್ನು ಕ್ರಿಕೆಟ್ ಗುಂಪಿನವರು ಕಿತ್ತುಕೊಳ್ಳುತ್ತಾರಂತೆ ಎಂದರು. ಚುನಾವಣೆ ಮರೆತು ಎಲ್ಲರೂ ಅವರ ಹಿಂದೆ ನಿಂತೆವು. ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ನಾನೇ.

“ಕ್ರಿಕೆಟ್‌ನವರು ಆ ಜಾಗ ಕೇಳೇ ಇರ್ಲಿಲ್ಲ ಕಣಮ್ಮ! ನನ್ನ ಕುರ್ಚಿ ಅಲ್ಲಾಡ್ತಿತ್ತು, ಹೊರಗೊಬ್ಬ ಎದುರಾಳಿ ಬೇಕಾಗಿತ್ತು.”

ಅಯ್ಯೋ, ಎಂಥಾ ಕಿಲಾಡಿ! ಮೊದಲು ಮೈ ಉರಿಯಿತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅವರು ಗಂಭೀರರಾದರು. ಓದುವ ವಯಸ್ಸಿನಲ್ಲಿ ಅಲ್ಲಿ ದೇಶವೇ ಕುಸಿದದ್ದನ್ನು, ಬ್ರೆಡ್ಡಿಗಾಗಿ ಹಿಮದಲ್ಲಿ ಸಾಲು ನಿಂತವರನ್ನು ಕಂಡಿದ್ದರಂತೆ. ಆ ದಿನಗಳು ಮರಳಬಾರದೆಂಬ ಜನರ ಭಯ, ಟಿವಿ ಯಾರ ಕೈಯಲ್ಲಿದೆ, ಕುರ್ಚಿಯ ಸುತ್ತ ಯಾರಿದ್ದಾರೆ, ಯುದ್ಧ ಬೇಡವೆಂದವರ ಗತಿಯೇನು… ಇದನ್ನೆಲ್ಲ ನೋಡಿದ ಮೇಲೆ ಗಡಿಯಾಚೆಗೆ ನೋಡು ಎಂದರು.

“ಆದ್ರೆ ಎಲ್ಲಾನೂ ನನ್ನ ಬಾರ್ಬಿ ಜಗಳದ ಥರ ಅಂತ ಬರೀಬೇಡ. ಅಲ್ಲಿ ಜನ ಸಾಯ್ತಾರೆ.”

ಮೊದಲಿನಿಂದ ಬರೆದೆ. ಪಾಸಾದೆ, ಅದೂ ಒಳ್ಳೆಯ ಅಂಕಗಳಲ್ಲಿ! ಅಂಕಲ್ ಬೀದಿಗೆಲ್ಲ ಸಿಹಿ ಹಂಚಿದರು. ಮುಂದಿನ ಪಿಕ್ನಿಕ್‌ನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಅಧ್ಯಕ್ಷಗಿರಿ ಬಿಟ್ಟರು. ನಮ್ಮ ಜನವೋ, ಚಪ್ಪಾಳೆ ತಟ್ಟಿ ಮತ್ತೆ ಅವರನ್ನೇ ಆರಿಸಿಬಿಟ್ಟರು. ಅಲ್ಲಿಂದಾಚೆ ನಾನು ಏನೇ ಬರೆದರೂ ಮೊದಲು ಓದುತ್ತಿದ್ದವರು, ಮೊದಲು ಬೈಯುತ್ತಿದ್ದವರು ಅವರೇ.

ಅಂಕಲ್ ತೀರಿಕೊಂಡು ಎರಡು ವರ್ಷವಾಯಿತು. ಈ ವಾರ ನನ್ನ ಪಿಎಚ್‌ಡಿ ಥೀಸಿಸ್ ಒಪ್ಪಿಸುತ್ತಿದ್ದೇನೆ. ದೊಡ್ಡ ದೊಡ್ಡ ಪ್ರೊಫೆಸರುಗಳು ಓದುತ್ತಾರಂತೆ. ಓದಲಿ, ಸಂತೋಷ. ನನ್ನ ಆ ಮೊದಲ ಓದುಗರು ಮಾತ್ರ ಇಲ್ಲ.