ಬೆರಳು ತೋರಿಸದ ಆರ್ಡೆಲಾ

ನಮ್ಮ ಹೆರನ್ ಕಟ್ಟೆ ಊರಿನಲ್ಲಿ ದಾರಿ ಕೇಳಿದರೆ ಹಳಬರು ಕೈ ಎತ್ತುವುದಿಲ್ಲ. ಗದ್ದವನ್ನು ತುಸು ಮುಂದೆ ಚಾಚಿ, "ಅತ್ಲಾಗೆ" ಎನ್ನುತ್ತಾರೆ. ಓಹಿಯೋ ನದಿಯ ಆಚೆ ದಡ ಕೆಂಟಕಿ. ಅಲ್ಲಿ ನಮ್ಮ ಕಪ್ಪು ಜನ ಗುಲಾಮರಾಗಿದ್ದ ಕಾಲದಲ್ಲಿ, ನದಿ ದಾಟಿ ಬಂದು ಈಚೆ ದಡದಲ್ಲಿ ಅಡಗಿದವರನ್ನು ಬೇಟೆಗಾರರಿಗೆ ಹಿಡಿದುಕೊಡಲು ಒಂದು ಬೆರಳು ಸಾಕಾಗುತ್ತಿತ್ತು. ಆದುದರಿಂದ ನಮ್ಮಲ್ಲಿ "ಬೆರಳು" ಎಂಬುದು ಬೈಗುಳ. "ಅವನು ಬೆರಳು ಕಣೇ" ಎಂದರೆ ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುವಾಗ ಮಕ್ಕಳು ಭೂಪಟದ ಮೇಲಿನ ಊರನ್ನು ಮುಷ್ಟಿಯಿಂದ ತೋರಿಸುತ್ತಿದ್ದರು. ಹೊರಗಿನಿಂದ ಬಂದ ತನಿಖಾಧಿಕಾರಿಯೊಬ್ಬರು, "ಪಾಪ, ಇವರ ಬೆರಳಿಗೆ ಏನಾಗಿದೆ?" ಎಂದು ಕೇಳಿದ್ದರು.

ಆರ್ಡೆಲಾ ಪೆಟಿಫರ್ಡ್ ಅದೇ ಶಾಲೆಯ ಅಡುಗೆಯವಳು. ಎತ್ತರದ ಹೆಂಗಸು, ನಗು ಬಂದರೆ ತಡೆಯಲಾರಳು, ಸಿಟ್ಟು ಬಂದರೆ ಮಾತೇ ಆಡಳು. ಮದುವೆಯಾಗಲಿಲ್ಲ. ತೀರಿಹೋದ ಅಣ್ಣನ ಮಗಳು ರೊವೀನಾಳನ್ನು ತಾನೇ ಸಾಕಿದಳು. ಆ ಹುಡುಗಿಗೆ ಸೈಕಲ್ ಕಲಿಸಲು ಹಿಂದಿನಿಂದ ಸೀಟು ಹಿಡಿದು ಚರ್ಚಿನ ಇಳಿಜಾರಿನಲ್ಲಿ ಓಡುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. "ಬಿಡ್ಬೇಡ ಅತ್ತೆ, ಬಿಡ್ಬೇಡ!" ಎಂದು ಅವಳು ಕೂಗುತ್ತಿದ್ದಳು. "ಬಿಟ್ಟು ಆಗ್ಲೇ ಎಷ್ಟ್ ಹೊತ್ತಾಯ್ತು, ಪೆದ್ದಿ!" ಎಂದು ಇವಳು ಹಿಂದಿನಿಂದ ನಗುತ್ತಿದ್ದಳು.

ರೊವೀನಾ ಬೆಳೆದು ಸೈಕಲ್ ಸವಾರರ ತಂಡ ಕಟ್ಟಿದಳು. ಪ್ರತಿ ಬೇಸಗೆಯಲ್ಲಿ ಆ ತಂಡ ಅಲಬಾಮದ ಮೊಬೈಲ್ ಪಟ್ಟಣದಿಂದ ಹೊರಟು, ನಮ್ಮ ಹಿರಿಯರು ಓಡಿಬಂದ ದಾರಿಯನ್ನೇ ಹಿಡಿದು ಕೆನಡಾದ ಓವನ್ ಸೌಂಡ್‌ವರೆಗೆ ಹೋಗುತ್ತದೆ. ನದಿ ದಾಟಿದ ದಿನ ನಮ್ಮ ಚರ್ಚಿನಲ್ಲಿ ಊಟ. ಹುರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ, ಎಲ್ಲವೂ ಆರ್ಡೆಲಾಳ ಕೈಯದು. ಮರುದಿನ ಊರಿನ ನಾವು ಕೆಲವರು ಕೆನಡಾ ಗಡಿಯ ದೊಡ್ಡ ಸರೋವರದವರೆಗೆ ಅವರ ಜೊತೆ ಹೋಗುತ್ತೇವೆ. ಆರ್ಡೆಲಾ ತನ್ನ ಬುಟ್ಟಿ ಕಟ್ಟಿದ ಹಳೆಯ ಸೈಕಲ್ಲಿನಲ್ಲೇ ಬರುವಳು. ಮೈಗಂಟುವ ಬಣ್ಣದ ಉಡುಪಿನ ಹುಡುಗರನ್ನು ಕಂಡರೆ ಅವಳಿಗೆ ಹಬ್ಬ.

"ಏನಪ್ಪಾ, ಆ ಚಡ್ಡಿ ಹಾಕ್ಕೊಂಡ್ರೆ ಗುಡ್ಡ ತಗ್ಗಾಗುತ್ತಾ?"

"ಗಾಳಿಗೆ ಅಡ್ಡ ಆಗಲ್ಲ ಮಿಸ್ ಆರ್ಡೆಲಾ, ಹಗುರಾಗಿರುತ್ತೆ."

"ನಮ್ಮ ಹಿರೀಕರು ಬರಿಗಾಲಲ್ಲಿ ಓಡಿದ್ರು ಮಗಾ, ನಾಯಿ ಹಿಂದಿತ್ತು. ನಿನ್ ಹಿಂದೇನೂ ನಾಯಿ ಬಿಡ್ಲಾ, ಹೇಳು?"

ಆದರೆ ಊರಂಚಿನ ತೊರೆಯು ನದಿಗೆ ಸೇರುವಲ್ಲಿಗೆ ಬಂದಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ಕಾರಣ ಊರಿಗೆಲ್ಲ ಗೊತ್ತಿತ್ತು. ಪೆಟಿಫರ್ಡ್ ಮನೆಯ ಮೂಲಮ್ಮ ಈಚೆ ದಡದಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಸ್ವತಂತ್ರ ಹೆಂಗಸು. ಒಂದು ಚಳಿಗಾಲ, ಕೂಸನ್ನು ಎದೆಗೆ ಕಟ್ಟಿಕೊಂಡು ನದಿ ದಾಟಿದ ತಾಯಿಯೊಬ್ಬಳು ಅವಳ ಕಣ್ಣಿಗೆ ಬಿದ್ದಳು. ಕೂಸು ನೀರಿನಲ್ಲೇ ಸತ್ತಿತ್ತು. ಇಬ್ಬರೂ ಸೇರಿ ಅದನ್ನು ಒಂದು ಸಿಕಮೋರ್ ಮರದ ಬುಡದಲ್ಲಿ ಹೂತರು. ಕಲ್ಲು ನೆಡಲಿಲ್ಲ. ತಾಯಿ ಉತ್ತರಕ್ಕೆ ಹೋಗುವ ಮುನ್ನ, "ನಾನು ಬರೋವರ್ಗೂ ಯಾರಿಗೂ ತೋರಿಸ್ಬೇಡ, ನಾನಾಗ್ಲಿ ನಮ್ಮೋರಾಗ್ಲಿ ಬಂದೇ ಬರ್ತೀವಿ" ಎಂದಳಂತೆ. ಬರಲಿಲ್ಲ. ಕೊಟ್ಟ ಮಾತು ಮಾತ್ರ ಉಳಿಯಿತು. ತಲೆಮಾರಿಗೆ ಒಬ್ಬ ಹೆಣ್ಣುಮಗಳಿಗೆ ಆ ಮರ ಯಾವುದೆಂದು ತಿಳಿದಿರಬೇಕು. ಅವರ ಕಡೆಯವರು ಬಂದರೆ ತೋರಿಸುವವರು ಒಬ್ಬರಿರಬೇಕಲ್ಲ. ಆರ್ಡೆಲಾಳ ನಂತರ ಅದು ರೊವೀನಾಳದು. ವಯಸ್ಸಾಗುತ್ತ ಬಂದಂತೆ ಆರ್ಡೆಲಾಳಿಗೆ ಇದ್ದ ಚಿಂತೆ ಇದೊಂದೇ. ಒಂದು ವಸಂತದಲ್ಲಿ ಅತ್ತೆ, ಸೊಸೆ ಇಬ್ಬರೂ ಸೈಕಲ್ಲಿನಲ್ಲಿ ತೊರೆಯ ಕಡೆ ಹೋಗಿ ಬಂದರು. ಆರ್ಡೆಲಾಳ ಮುಖ ನೋಡಿಯೇ, ಹೊರೆ ಇಳಿಯಿತೆಂದು ನಾವು ತಿಳಿದೆವು.

ಮುಂದಿನ ಬೇಸಗೆ ಸವಾರರು ಬಂದರು. ಎಂದಿನಂತೆ ಚರ್ಚಿಗೆ ಬರುವ ಬದಲು ರೊವೀನಾ ಊರಿನ ನಮ್ಮನ್ನೂ ಸೇರಿಸಿ ಎಲ್ಲರನ್ನೂ ನೇರವಾಗಿ ತೊರೆಯ ಬಳಿಗೆ ಕರೆದೊಯ್ದಳು. ಅಲ್ಲಿ ಎರಡು ಕವಲಿನ ಸಿಕಮೋರ್ ಮರದ ಮುಂದೆ ಬಟ್ಟೆ ಹೊದಿಸಿದ ಒಂದು ಕಂಬ ನಿಂತಿತ್ತು. ರೊವೀನಾ ಕಥೆ ಹೇಳಿದಳು, ಬಹಳ ಚೆನ್ನಾಗಿ ಹೇಳಿದಳು. ಬಟ್ಟೆ ಸರಿಸಿದಾಗ ಕಂಚಿನ ಫಲಕ ಹೊಳೆಯಿತು. ಆಮೇಲೆ ಅವಳು ಕೈ ಎತ್ತಿ, ಮರದ ಬುಡದ ಕಡೆಗೆ ಬೆರಳು ತೋರಿಸಿದಳು.

ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ಚರ್ಚಿನ ಹಿರಿಯ, ಮುದುಕ ಡೀಕನ್ ಥ್ಯಾಡ್ಯೂಸ್, "ಅಯ್ಯೋ ದೇವರೇ, ಪೆಟಿಫರ್ಡ್ ಮನೆ ಮಗಳು!" ಎಂದು ಟೋಪಿ ತೆಗೆದನು. ಆರ್ಡೆಲಾ ಸೈಕಲ್ ತಿರುಗಿಸಿ, ಅದನ್ನು ತಳ್ಳಿಕೊಂಡೇ ಚರ್ಚಿಗೆ ಹೋಗಿ ಮೀನು ಹುರಿಯತೊಡಗಿದಳು.

ಅಡುಗೆಮನೆಯಲ್ಲಿ ನಾವು ಮೂರ್ನಾಲ್ಕು ಜನರಿದ್ದೆವು. ರೊವೀನಾ ಉತ್ಸಾಹದಿಂದಲೇ ಒಳಗೆ ಬಂದಳು.

"ಅತ್ತೆ, ಜನ ಹೆಂಗ್ ಅತ್ರು ನೋಡಿದ್ಯಾ? ಬಚ್ಚಿಟ್ರೆ ಕಥೆ ಸತ್ತೋಗುತ್ತೆ ಅತ್ತೆ. ಇನ್ಮೇಲೆ ಎಲ್ಲಾ ಸವಾರ್ರೂ ಇಲ್ಲಿ ನಿಂತೇ ಹೋಗ್ತಾರೆ."

"ಕಥೆ ಬಚ್ಚಿಡು ಅಂದ್ನಾ ನಾನು? ಕಥೆ ಊರಿಗೆಲ್ಲಾ ಗೊತ್ತು. ಜಾಗ ಇಟ್ಕೊ ಅಂದೆ."

"ಯಾರಿಗೋಸ್ಕರ? ಆ ತಾಯಿ ಸತ್ತು ಯಾವ ಕಾಲ ಆಯ್ತು!"

"ಅದು ಅವಳು ಬಂದು ಹೇಳ್ಬೇಕು. ನೀನಲ್ಲ."

ಆರ್ಡೆಲಾ ಬಾಣಲೆಯಿಂದ ಮೀನು ಎತ್ತಿ, ಕೈ ಒರೆಸಿಕೊಂಡು, ಬಹಳ ಮೆಲ್ಲಗೆ ಹೇಳಿದಳು: "ಅದು ಆ ಮರ ಅಲ್ಲ ರೊವೀನಾ."

ರೊವೀನಾ ಬಾಗಿಲಿನಾಚೆ ತೊರೆಯ ದಿಕ್ಕಿಗೆ ತಿರುಗಿ ನೋಡಿದಳು.

"ಅದು ಮೊದಲನೇ ಮರ. ನಮ್ಮಮ್ಮ ನಂಗೂ ಮೊದ್ಲು ಅದನ್ನೇ ತೋರಿಸಿದ್ದು. ಆ ಮಾತು ಬೇರೆ ಬಾಯಿಂದ ತಿರುಗಿ ಬರುತ್ತಾ ಅಂತ ಕಾಯ್ತಾರೆ. ಬರ್ಲಿಲ್ಲ ಅಂದ್ರೆ ಎರಡ್ನೇದು ತೋರಿಸ್ತಾರೆ. ನಮ್ಮನೇಲಿ ಅದೇ ಪದ್ಧತಿ. ಈ ಸವಾರಿ ಮುಗ್ಸಿ ಬಾ, ತೋರಿಸೋಣ ಅಂತಿದ್ದೆ."

"ನನ್ನ ಪರೀಕ್ಷೆ ಮಾಡಿದ್ಯಾ? ನೀನು ಸಾಕಿದ ಮಗಳನ್ನ? ನಂಗೆ ಸುಳ್ಳು ಹೇಳಿದ್ಯಾ ಅತ್ತೆ?"

"ಹೇಳ್ದೆ. ಸುಳ್ಳಾಗೇ ಉಳೀಲಿ ಅಂತ ಹೇಳ್ಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮೋಸಹೋದ ಮುಖ ಒಂದೇ ಎಂದು ನಾನು ಎಣಿಸಿದ್ದೆ, ಅಲ್ಲಿ ಎರಡಿದ್ದವು.

ಸಂಜೆಯೊಳಗೆ ವಿಷಯ ಊರಿಗೆಲ್ಲ ಹಬ್ಬಿತು. ಫಲಕವನ್ನು ಕೀಳಿಸಬೇಕೆಂದು ಡೀಕನ್ ಹಾರಾಡಿದನು. ಆರ್ಡೆಲಾಳೇ ತಡೆದಳು: "ಇರ್ಲಿ ಬಿಡಿ. ಎಲ್ರೂ ಅಲ್ಲೇ ನೋಡ್ತಿರ್ಲಿ. ಕೂಸು ನೆಮ್ಮದಿಯಾಗಿರುತ್ತೆ."

ಮರುದಿನ ಅವಳು ಸವಾರರ ಹಿಂದೆ ಊರ ಗಡಿಯವರೆಗೆ ಮಾತ್ರ ಹೋದಳು. ಅಲ್ಲಿಂದ ಮುಂದಕ್ಕೆ ಅವಳು ಮತ್ತೆಂದೂ ಬರಲಿಲ್ಲ. ರೊವೀನಾ ಪ್ರತಿ ಬೇಸಗೆ ಬಂದಾಗಲೂ ಅವಳ ತಟ್ಟೆಗೆ ಮೊದಲ ಮೀನು ಬೀಳುತ್ತಿತ್ತು. ಒಮ್ಮೆ ಅವಳು ಆರ್ಡೆಲಾಳ ಮೊಣಕಾಲ ಬಳಿ ಕುಳಿತು, "ಇನ್ನೊಂದ್ಸಲ ನನ್ನ ನಂಬು ಅತ್ತೆ" ಎಂದಳು.

"ನಂಬ್ತೀನಿ ಮಗಳೇ. ಮನೆ ಬೀಗಕ್ಕೆ, ನನ್ನ ಔಷಧಿಗೆ, ನಾಳೆ ನನ್ನ ಹೆಣಕ್ಕೆ, ಎಲ್ಲದಕ್ಕೂ ನಿನ್ನೇ ನಂಬಿದೀನಿ. ಅದೊಂದಕ್ಕೆ ಆಗ್ತಿಲ್ಲ. ಮನಸ್ಸಿಗೆ ಎಷ್ಟೋ ಹೇಳ್ದೆ, ಕೇಳಲ್ಲ."

ಕಳೆದ ಚಳಿಗಾಲದಲ್ಲಿ ಆರ್ಡೆಲಾ ತೀರಿಕೊಂಡಳು. ಕೊನೆಯ ದಿನಗಳಲ್ಲಿ ರೊವೀನಾ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಆರ್ಡೆಲಾ ಅವಳ ಕೈ ಹಿಡಿದುಕೊಂಡೇ ಇದ್ದಳು. ಮರದ ಮಾತು ಮಾತ್ರ ಎತ್ತಲಿಲ್ಲ.

ಈ ಬೇಸಗೆ ತಂಡ ಮತ್ತೆ ಬಂತು. ಅದರಲ್ಲಿ ಓವನ್ ಸೌಂಡ್ ಕಡೆಯಿಂದ ಬಂದಿದ್ದ ಒಬ್ಬಾಕೆ ಫಲಕ ಓದಿ, "ಕೂಸು ಇರೋದು ಸರಿಯಾಗಿ ಎಲ್ಲಿ?" ಎಂದು ಕೇಳಿದಳು. ಯಾರ ಮನೆಯವಳೋ, ನಾವು ಕೇಳಲಿಲ್ಲ. ರೊವೀನಾಳ ಕೈ ಸೈಕಲ್ಲಿನ ಹಿಡಿಯ ಮೇಲೆಯೇ ಇತ್ತು. ಅವಳು ತನ್ನ ಅತ್ತೆಯ ಹಾಗೆಯೇ ಗದ್ದವನ್ನು ಮುಂದೆ ಚಾಚಿ, ಎರಡು ಕವಲಿನ ಮರವನ್ನು ತೋರಿಸಿದಳು. ಅವಳಿಗೆ ಗೊತ್ತಿರುವುದು ಅದೊಂದೇ ಮರ.